ಪ್ರಜೆಗಳ ಭೂಮಿಯನ್ನು ಕಾದ ಖಾಮ ಅರಸನು



ನಾಬೋತನ ದ್ರಾಕ್ಷೇತೋಟದ ಕಥೆಯನ್ನು ಅರಿಯದವರು ನಮ್ಮ ಸಭೆಗಳಲ್ಲಿ ಇಲ್ಲ. ಅರಸನಾದ ಅಹಾಬನು ಹಣ ಕೊಡುವೆನೆಂದರೂ, ಬದಲಿಗೆ ಇನ್ನೂ ಒಳ್ಳೆಯ ತೋಟವನ್ನು ಕೊಡುವೆನೆಂದರೂ, ನಾಬೋತನು ತನ್ನ ಪಿತೃಗಳ ಸ್ವಾಸ್ತ್ಯವನ್ನು ಬಿಟ್ಟುಕೊಡಲಿಲ್ಲ. ಆ ಕಥೆಯಲ್ಲಿ ಕಸಿದುಕೊಳ್ಳುವವನು ಅರಸನು, ಕಾಯುವವನು ಪ್ರಜೆ. ಈ ತಿಂಗಳು ನಾವು ನಿಮ್ಮ ಮುಂದೆ ಇಡುವ ಚರಿತ್ರೆಯಾದರೋ ಬೇರೆ ಬಗೆಯದು. ಇದರಲ್ಲಿ ಅರಸನೇ ನಾಬೋತನ ಸ್ಥಾನದಲ್ಲಿ ನಿಂತು, ತನಗಿಂತ ಬಲಿಷ್ಠರಾದವರ ಎದುರಿನಲ್ಲಿ ಪ್ರಜೆಗಳ ಭೂಮಿಗಾಗಿ ವಾದಿಸಿದನು. ಆತನು ಆಫ್ರಿಕಾ ಖಂಡದ ಬಾಂಗ್ವಾಟೋ ಜನರ ಅರಸನಾದ ಮೂರನೆಯ ಖಾಮನು. ಆತನ ನಾಡು ಈಗ ಬೋಟ್ಸ್ವಾನ ಎಂಬ ಸ್ವತಂತ್ರ ದೇಶದಲ್ಲಿ ಸೇರಿದೆ.

ಆ ಸೀಮೆಯ ಪಶ್ಚಿಮಕ್ಕೆ ಕಲಹಾರಿ ಎಂಬ ಮರಳುಭೂಮಿಯೂ ಪೂರ್ವಕ್ಕೆ ಲಿಂಪೋಪೋ ಎಂಬ ನದಿಯೂ ಇವೆ. ಮಳೆಯು ಬಹು ಕಡಿಮೆ. ಮಳೆಗೆ ಅವರ ಭಾಷೆಯಲ್ಲಿ ಪುಲ ಎಂಬ ಹೆಸರುಂಟು. ಅದನ್ನೇ ಆಶೀರ್ವಾದದ ಮಾತಾಗಿಯೂ ಹೇಳುತ್ತಾರೆ, ಈಗ ಅವರ ನಾಣ್ಯಕ್ಕೂ ಅದೇ ಹೆಸರು. ಜನರು ನಮ್ಮ ಬಯಲುಸೀಮೆಯವರಂತೆ ಜೋಳವನ್ನು ಬಿತ್ತಿ ದನಗಳನ್ನು ಸಾಕಿ ಜೀವಿಸುತ್ತಿದ್ದರು. ಅಲ್ಲಿ ಭೂಮಿಗೆ ಪಟ್ಟೆಯೂ ಇರಲಿಲ್ಲ, ಕ್ರಯವೂ ಇರಲಿಲ್ಲ. ಪ್ರತಿಯೊಂದು ಮನೆತನಕ್ಕೆ ಮನೆ ಕಟ್ಟಲು ಒಂದು ನಿವೇಶನವನ್ನೂ ಉಳಲು ಒಂದು ಹೊಲವನ್ನೂ ಹಂಚಿಕೊಡುತ್ತಿದ್ದರು. ಮೇವೂ ಕಾಡೂ ಎಲ್ಲರಿಗೆ ಸೇರಿದ್ದವು. ಅರಸನು ಭೂಮಿಯನ್ನು ಹಂಚುವವನೇ ಹೊರತು ಮಾರುವವನಲ್ಲ. ಸತ್ತುಹೋದ ಹಿರಿಯರಿಗೂ ಇನ್ನೂ ಹುಟ್ಟದ ಮಕ್ಕಳಿಗೂ ಸೇರಿದ್ದನ್ನು ಆತನು ಕೆಲವು ಕಾಲ ಕಾಯುವ ಮನೆವಾರ್ತೆಯವನಾಗಿದ್ದನು. ದೊಡ್ಡ ಕಾರ್ಯಗಳೇನಿದ್ದರೂ ಖೋಟ್ಲ ಎಂಬ ಬಯಲು ಸಭೆಯಲ್ಲಿ, ಗಂಡಸರೆಲ್ಲರೂ ಕೂಡಿದ ಮೇಲೆ, ಮಾತಾಡಿ ತೀರ್ಮಾನಿಸುವದು ವಾಡಿಕೆ. ಈ ಸಂಗತಿಗಳನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಯಾಕಂದರೆ ಮುಂದೆ ಬಂದ ಹೋರಾಟವೆಲ್ಲಾ ಇವುಗಳ ವಿಷಯವೇ.

ಖಾಮನು ಸುಮಾರು 1837ರಲ್ಲಿ ಸೆಕ್ಗೋಮ ಎಂಬ ಅರಸನ ಮೊದಲನೆಯ ಮಗನಾಗಿ ಹುಟ್ಟಿದನು. 1860ರಲ್ಲಿ ಜರ್ಮನಿಯ ಹರ್ಮನ್ಸ್‌ಬರ್ಗ್ ಮಿಶನಿನವರಿಂದ ದೀಕ್ಷಾಸ್ನಾನ ಹೊಂದಿದನು. ತರುವಾಯ ಲಂಡನ್ ಮಿಶನಿನ ಮೆಕೆಂಜಿ ಅಯ್ಯನವರು ಶೋಶೋಂಗ್ ಎಂಬ ರಾಜಧಾನಿಗೆ ಬಂದು ಆತನ ಗುರುಗಳಾದರು. 1810ರಲ್ಲಿ ಹ್ಯಾಂಡ್ಸ್ ಅಯ್ಯನವರನ್ನು ನಮ್ಮ ಬಳ್ಳಾರಿಗೆ ಕಳುಹಿಸಿದ್ದ ಮಿಶನು ಅದೇ ಆಗಿತ್ತು. ಹೀಗೆ ಬಳ್ಳಾರಿಯ ಸಭೆಯೂ ಶೋಶೋಂಗಿನ ಸಭೆಯೂ ಒಂದೇ ತಾಯಿಯ ಮಕ್ಕಳಾಗಿದ್ದವೆಂದು ಹೇಳಬಹುದು.

ಮಗನು ಕ್ರೈಸ್ತನಾದದ್ದರಿಂದ ತಂದೆಗೆ ಮೊದಲು ಅಷ್ಟು ಸಿಟ್ಟು ಬರಲಿಲ್ಲ. ಆದರೆ 1865ರಲ್ಲಿ ಯುವಕರನ್ನು ಗಂಡಸರ ಗುಂಪಿಗೆ ಸೇರಿಸುವ ಹಳೆಯ ಸಂಸ್ಕಾರವು ನಡೆದಾಗ, ಖಾಮನೂ ಆತನ ತಮ್ಮಂದಿರೂ ಅದಕ್ಕೆ ಹೋಗಲೊಲ್ಲದೆ ನಿಂತರು. ತಂದೆಯು ಗೊತ್ತುಮಾಡಿದ ಎರಡನೆಯ ಹೆಂಡತಿಯನ್ನೂ ಖಾಮನು ಸ್ವೀಕರಿಸಲಿಲ್ಲ. ಆಗ ಕಲಹವೆದ್ದು, ಸೆಕ್ಗೋಮನು ಸ್ವಂತ ಮಕ್ಕಳ ಮೇಲೆಯೇ ಕೈಯೆತ್ತಿದನು. ಮಕ್ಕಳು ಬೆಟ್ಟವನ್ನು ಸೇರಿ ಜೀವ ಉಳಿಸಿಕೊಂಡರು. ಅನೇಕ ವರ್ಷಗಳ ತೊಂದರೆಯಲ್ಲಿ ಅರಸುತನವು ಕೈಯಿಂದ ಕೈಗೆ ಹೋಯಿತು. 1872ರಲ್ಲಿ ಅದು ಖಾಮನಿಗೆ ದೊರೆತಾಗ ಆತನು ಓಡಿಹೋಗಿದ್ದ ತಂದೆಯನ್ನು ತಾನಾಗಿಯೇ ಹಿಂದಕ್ಕೆ ಕರೆಯಿಸಿದನು. ಮತ್ತೆ ಒಳಜಗಳ ಹುಟ್ಟಲು, ತನ್ನವರೊಂದಿಗೆ ಊರನ್ನು ಬಿಟ್ಟು ಹೊರಟುಹೋದನು. 1875ರಲ್ಲಿ ತಿರಿಗಿ ಬಂದು ಅರಸುತನವನ್ನು ವಹಿಸಿ, ಮುಂದೆ ನಾಲ್ವತ್ತೆಂಟು ವರ್ಷ ಆಳಿದನು.

ಖಾಮನ ಆಳಿಕೆಯಲ್ಲಿ ಬಹಳವಾಗಿ ಪ್ರಸಿದ್ಧವಾದದ್ದು ಮದ್ಯದ ನಿಷೇಧ. ಬಿಳಿಯ ವ್ಯಾಪಾರಿಗಳು ಬಂಡಿಗಳಲ್ಲಿ ಬ್ರಾಂದಿಯನ್ನು ತಂದು ಜನರಿಗೆ ಮಾರುತ್ತಿದ್ದರು. ಆತನು ಎಚ್ಚರಿಸಿ, ಕೇಳದವರನ್ನು ಊರಿನಿಂದ ಹೊರಗೆ ಕಳುಹಿಸಿದನು. ಇದು ಬರೇ ಸನ್ಮಾರ್ಗದ ವಿಷಯವಲ್ಲ, ಭೂಮಿಯ ವಿಷಯವೂ ಆಗಿತ್ತು. ಅಮಲಿನಲ್ಲಿದ್ದ ನಾಯಕರಿಂದ ಕಾಗದಕ್ಕೆ ಗುರುತು ಹಾಕಿಸಿಕೊಂಡು ನೆಲವನ್ನು ಪಡಕೊಳ್ಳುವದು ಆ ಕಾಲದ ಆಫ್ರಿಕಾದಲ್ಲಿ ಅಪರೂಪವಾಗಿರಲಿಲ್ಲ. ಕುಡಿಯದ ಅರಸನು ಓದಿಸಿ ಕೇಳದೆ ಯಾವ ಕಾಗದಕ್ಕೂ ಒಪ್ಪುವವನಲ್ಲ.

ಪೂರ್ವದಿಂದ ಬೋಯರ್ ಎಂಬ ಡಚ್ಚ ವಂಶದ ರೈತರು ಗಡಿಯನ್ನು ಒತ್ತುತ್ತಾ ಬರುತ್ತಿದ್ದರು. ಆದಕಾರಣ ಖಾಮನು 1876ರಲ್ಲಿಯೇ ಇಂಗ್ಲಿಷ್ ಸರಕಾರದ ಆಶ್ರಯವನ್ನು ಕೇಳಿ ಬರೆದನು. 1885ರಲ್ಲಿ ವಾರನ್ ಎಂಬ ಸೇನಾಪತಿಯು ಶೋಶೋಂಗಿಗೆ ಬಂದು ರಾಣಿಯ ಸಂರಕ್ಷಣೆಯನ್ನು ಪ್ರಕಟಿಸಲು, ಖಾಮನು ಸಂತೋಷದಿಂದ ಒಪ್ಪಿದನು. ಆದರೆ ಒಪ್ಪುವಾಗಲೇ ತನ್ನ ನಾಡಿನ ಕಾನೂನುಗಳು ಅಳಿಯಬಾರದೆಂದು ತಿಳಿಸಿ, ಅವುಗಳಲ್ಲಿ ಎರಡನ್ನು ವಿಶೇಷವಾಗಿ ಎತ್ತಿ ಹೇಳಿದನು. ಒಂದು, ಮದ್ಯವು ಕೂಡದು. ಇನ್ನೊಂದು, ಬಾಂಗ್ವಾಟೋ ಜನರ ಭೂಮಿಯು ಮಾರಾಟದ ವಸ್ತುವಲ್ಲ. ಆಶ್ರಯ ಬೇಡುವವನು ಸಾಮಾನ್ಯವಾಗಿ ಷರತ್ತು ಹಾಕಲು ಹೆದರುತ್ತಾನೆ. ಈತನು ಹೆದರಲಿಲ್ಲ.

ಹೀಗಿರಲಾಗಿ ಹೊಸದೊಂದು ಅಪಾಯವು ಅಭಿವೃದ್ಧಿಯ ವೇಷ ಹಾಕಿಕೊಂಡು ಬಂತು. ಸೆಸಿಲ್ ರೋಡ್ಸ್ ಎಂಬ ಧನಿಕನು ವಜ್ರದ ಗಣಿಗಳಿಂದ ಐಶ್ವರ್ಯವಂತನಾಗಿ, 1890ರಲ್ಲಿ ಕೇಪ್ ಸೀಮೆಯ ಪ್ರಧಾನ ಮಂತ್ರಿಯೂ ಆದನು. ಆತನು ಕಟ್ಟಿದ ಬ್ರಿಟಿಷ್ ಸೌತ್ ಆಫ್ರಿಕಾ ಕಂಪೆನಿಗೆ 1889ರಲ್ಲಿ ರಾಣಿಯ ಸನ್ನದು ದೊರೆತಿತ್ತು. ದಕ್ಷಿಣದಿಂದ ಉತ್ತರಕ್ಕೆ ರೈಲುದಾರಿ ಹಾಕಬೇಕು, ಗಣಿ ತೋಡಬೇಕು, ಬಿಳಿಯ ಒಕ್ಕಲುಗಳನ್ನು ನೆಲೆಗೊಳಿಸಬೇಕು ಎಂಬುದು ಆ ಕಂಪೆನಿಯ ಉದ್ದೇಶ. ರೈಲು ಮಾಫೆಕಿಂಗ್ ವರೆಗೆ ಬಂದಿತ್ತು. ಮುಂದಿನ ದಾರಿಯು ಖಾಮನ ಮತ್ತು ಆತನ ನೆರೆಯವರ ಸೀಮೆಗಳನ್ನು ಹಾದುಹೋಗಬೇಕಾಗಿತ್ತು. ಇದಕ್ಕಾಗಿ ಆ ಸಂರಕ್ಷಿತ ನಾಡನ್ನೆಲ್ಲಾ ತನ್ನ ಕೈಗೆ ಒಪ್ಪಿಸಬೇಕೆಂದು ಕಂಪೆನಿಯು ಕೇಳಿತು. ಲಂಡನಿನ ಸರಕಾರವೂ ಹಾಗೆಯೇ ಮಾತು ಕೊಟ್ಟಿತ್ತು.

ಕಂಪೆನಿಯ ಕೈಯಲ್ಲಿ ಸಿಕ್ಕಿದ ನಾಡಿನ ಗತಿ ಏನಾಗುವದೆಂದು ಖಾಮನು ಕಣ್ಣಾರೆ ಕಂಡಿದ್ದನು. 1890ರಲ್ಲಿ ಕಂಪೆನಿಯ ದಂಡು ಉತ್ತರಕ್ಕೆ ಹೋದಾಗ ಆತನೇ ಆಳುಗಳನ್ನು ಕೊಟ್ಟು ಸಹಾಯ ಮಾಡಿದ್ದನು. 1893ರಲ್ಲಿ ಮಟಾಬೆಲೆ ಅರಸನಾದ ಲೋಬೆಂಗುಲನ ಮೇಲೆ ಯುದ್ಧ ನಡೆದಾಗಲೂ ತನ್ನ ಜನರನ್ನು ಕರೆದುಕೊಂಡು ಹೋಗಿ, ದಂಡಿನಲ್ಲಿ ಸಿಡುಬು ಹುಟ್ಟಲು ಹಿಂದಿರುಗಿದ್ದನು. ಮಟಾಬೆಲೆಯವರು ಆತನ ಹಳೆಯ ಶತ್ರುಗಳು. ಆದರೆ ಯುದ್ಧ ಮುಗಿದ ಮೇಲೆ ಅವರ ಭೂಮಿಯೂ ದನಗಳೂ ಕಂಪೆನಿಯವರ ಪಾಲಾದವು. ಶತ್ರುವಿಗೆ ಬಂದ ಗತಿಯು ನಾಳೆ ತನ್ನ ಜನರಿಗೂ ಬರುವದೆಂದು ಖಾಮನು ತಿಳುಕೊಂಡನು.

ಇಲ್ಲಿ ಒಂದು ಮಾತನ್ನು ನಾವು ಸ್ಪಷ್ಟವಾಗಿ ಹೇಳಬೇಕು. ಖಾಮನು ರೈಲಿಗೆ ವಿರೋಧಿಯಲ್ಲ. ಶಾಲೆ, ನೇಗಿಲು, ಬಂಡಿ, ವ್ಯಾಪಾರ ಇವುಗಳನ್ನೆಲ್ಲಾ ಆತನು ಬಯಸಿ ತರಿಸಿದ್ದನು. 1893ರಲ್ಲಿ ಗಣಿಯ ಹಕ್ಕನ್ನೂ ಇದೇ ಕಂಪೆನಿಗೆ ಕೊಟ್ಟಿದ್ದನು. ರೈಲಿಗೆ ದಾರಿ ಕೊಡುವದು ಒಂದು, ರೈಲು ಹಾಕುವವರ ಕೈಗೆ ಜನರನ್ನೂ ಜನರ ನೆಲವನ್ನೂ ನ್ಯಾಯಸ್ಥಾನವನ್ನೂ ಒಪ್ಪಿಸುವದು ಇನ್ನೊಂದು. ಲಾಭಕ್ಕಾಗಿ ಕೂಡಿದ ಕಂಪೆನಿಯು ಪ್ರಜೆಗಳ ತಂದೆಯಾಗಲಾರದೆಂಬುದೇ ಆತನ ವಾದ.

1895ರಲ್ಲಿ ಖಾಮನೂ, ಬಾಂಗ್ವಾಕೆಟ್ಸೆ ಜನರ ಅರಸನಾದ ಬಾಥೋಯೆನನೂ, ಬಾಕ್ವೇನ ಜನರ ಅರಸನಾದ ಸೆಬೆಲೆಯೂ ಒಂದಾಗಿ ಇಂಗ್ಲೆಂಡಿಗೆ ಹಡಗನ್ನೇರಿದರು. ಲಂಡನ್ ಮಿಶನಿನ ವಿಲ್ಲೋಬಿ ಅಯ್ಯನವರು ಅವರ ಸಂಗಡ ಹೋಗಿ ದುಭಾಷಿಯ ಕೆಲಸ ಮಾಡಿದರು. ಸೆಪ್ಟೆಂಬರಿನಲ್ಲಿ ಅವರು ವಸಾಹತು ಮಂತ್ರಿಯಾದ ಜೋಸೆಫ್ ಚೇಂಬರ್ಲೇನನನ್ನು ಕಂಡರು. ಮಂತ್ರಿಯು ಮರ್ಯಾದೆಯಿಂದ ಮಾತಾಡಿದನು, ಆದರೆ ಬೇಡಿದ್ದನ್ನು ಕೊಡಲಿಲ್ಲ. ಸರಕಾರವು ಕಂಪೆನಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದಿದೆಯೆಂದೂ, ಅವರು ಕಂಪೆನಿಯವರ ಸಂಗಡ ಒಪ್ಪಂದ ಮಾಡಿಕೊಳ್ಳುವದು ಮೇಲೆಂದೂ ತಿಳಿಸಿ, ತಾನು ವಿಶ್ರಾಂತಿಗಾಗಿ ದೇಶಾಂತರ ಹೋದನು.

ಬಾಗಿಲು ಮುಚ್ಚಿತೆಂದು ಎಣಿಸಿ ಅವರು ಹಿಂದಿರುಗಬಹುದಾಗಿತ್ತು. ಹಾಗೆ ಮಾಡದೆ ಮೂವರೂ ಊರೂರಿಗೆ ಹೊರಟರು. ಸುಮಾರು ಎರಡು ತಿಂಗಳು, ಪಟ್ಟಣದಿಂದ ಪಟ್ಟಣಕ್ಕೆ ಹೋಗಿ, ದೇವಾಲಯಗಳಲ್ಲಿಯೂ ಸಭಾಮಂದಿರಗಳಲ್ಲಿಯೂ ತಮ್ಮ ಸಂಗತಿಯನ್ನು ವಿವರಿಸಿದರು. ಮಂತ್ರಿಯ ಸ್ವಂತ ಪಟ್ಟಣವಾದ ಬರ್ಮಿಂಗ್‌ಹ್ಯಾಮನ್ನೂ ಬಿಡಲಿಲ್ಲ. ಅದು ಲಂಡನ್ ಮಿಶನು ಸ್ಥಾಪಿತವಾದ ನೂರನೆಯ ವರ್ಷವಾಗಿತ್ತು; ಆದದರಿಂದ ಸಭೆಗಳು ಎಲ್ಲೆಲ್ಲಿಯೂ ಕಿವಿಗೊಟ್ಟವು. ಮದ್ಯನಿಷೇಧದ ಸಂಘದವರೂ ವ್ಯಾಪಾರಸ್ಥರೂ ಕೂಲಿಕಾರರೂ ಕೇಳಿದರು. ಅರಸರು ಯಾರನ್ನೂ ಬೈಯಲಿಲ್ಲ, ಯಾರನ್ನೂ ಹೆದರಿಸಲಿಲ್ಲ. ತಮ್ಮ ಭೂಮಿ ಎಂಥದು, ಅದು ಯಾರಿಗೆ ಸೇರಿದ್ದು, ಕೈಬಿಟ್ಟರೆ ಏನಾಗುವದು ಎಂಬುದನ್ನಷ್ಟೇ ಹೇಳಿದರು. ಆ ಸಭೆಗಳಿಂದ ಸರಕಾರಕ್ಕೆ ಮನವಿಗಳ ಮೇಲೆ ಮನವಿಗಳು ಹೋದವು. ಮಂತ್ರಿಯು ಹಿಂದಿರುಗಿ ಬಂದು ನೋಡುವಾಗ, ಬರಿಗೈಯಿಂದ ಕಳುಹಿಸಬಹುದೆಂದು ಎಣಿಸಿದ್ದ ಮೂವರ ಹಿಂದೆ ಮತದಾರರ ದೊಡ್ಡ ಗುಂಪು ನಿಂತಿತ್ತು.

1895ನೇ ನವೆಂಬರ್ 6ರಂದು ತೀರ್ಮಾನವಾಯಿತು. ಮೂವರು ಅರಸರ ಸೀಮೆಗಳು ರಾಣಿಯ ಸಂರಕ್ಷಣೆಯಲ್ಲಿಯೇ ಉಳಿಯುವವು. ಅವರು ತಮ್ಮ ಜನರನ್ನು ಹಿಂದಿನಂತೆಯೇ ಆಳುವರು. ಮದ್ಯವು ಒಳಗೆ ಬಾರದು. ಇದಕ್ಕೆ ಬದಲಾಗಿ ಅವರು ಗುಡಿಸಲುಗಳ ಮೇಲೆ ತೆರಿಗೆ ಸಲ್ಲಿಸಬೇಕು, ರೈಲಿಗಾಗಿ ಪೂರ್ವದ ಗಡಿಯಲ್ಲಿ ಒಂದು ಪಟ್ಟಿ ಭೂಮಿಯನ್ನು ಬಿಟ್ಟುಕೊಡಬೇಕು. ಅದೇ ತಿಂಗಳಲ್ಲಿ ವಿಕ್ಟೋರಿಯ ರಾಣಿಯವರು ವಿಂಡ್ಸರ್ ಅರಮನೆಯಲ್ಲಿ ಅವರನ್ನು ಕಂಡು ಮಾತಾಡಿದರು.

ಅವರು ಊರಿಗೆ ಸೇರುವಷ್ಟರಲ್ಲಿಯೇ ಕಂಪೆನಿಯ ನಿಜಸ್ವರೂಪವು ಲೋಕಕ್ಕೆ ತಿಳಿಯಿತು. ರೈಲಿನ ಕೆಲಸಕ್ಕೆಂದು ಗಡಿಯಲ್ಲಿ ದೊರೆತಿದ್ದ ನೆಲದಿಂದ ಕಂಪೆನಿಯ ಅಧಿಕಾರಿಯಾದ ಜೇಮ್ಸನನು ಡಿಸೆಂಬರ್ 29ರಂದು ಆಯುಧಸ್ಥರನ್ನು ಕರಕೊಂಡು ಬೋಯರರ ದೇಶದ ಮೇಲೆ ಬಿದ್ದನು. ನಾಲ್ಕು ದಿನಗಳೊಳಗೆ ಸೋತು ಸೆರೆಯಾದನು. ರೋಡ್ಸನು ಪ್ರಧಾನ ಮಂತ್ರಿಯ ಪದವಿಯನ್ನು ಬಿಡಬೇಕಾಯಿತು. ಉಳಿದ ಸೀಮೆಗಳನ್ನು ಕಂಪೆನಿಗೆ ಒಪ್ಪಿಸುವ ಮಾತೂ ಅಲ್ಲಿಗೇ ನಿಂತಿತು.

1896ರಲ್ಲಿ ದನಗಳಿಗೆ ದೊಡ್ಡರೋಗ ಬಂದು, ಹಟ್ಟಿಗಳು ಬರಿದಾದವು. ಎತ್ತುಗಳು ಸತ್ತುದರಿಂದ ಬಂಡಿಗಳೂ ನಿಂತವು. 1897ರಲ್ಲಿ ರೈಲು ಖಾಮನ ಸೀಮೆಯನ್ನು ಹಾದು ಬುಲವಾಯೋ ಪಟ್ಟಣವನ್ನು ಮುಟ್ಟಿತು. ಆದರೆ ವಾಚಕರೇ, ಇದನ್ನು ಗಮನಿಸಿರಿ. ರೈಲಿಗೆಂದು ಪಡಕೊಂಡ ಆ ಪೂರ್ವದ ಪಟ್ಟಿಯಲ್ಲಿ ರೈಲನ್ನು ಹಾಕಲೇ ಇಲ್ಲ. ನದೀತೀರದ ಹಳ್ಳಗಳಿಗೆ ಸೇತುವೆ ಕಟ್ಟುವದು ಕಷ್ಟವೆಂದು ದಾರಿಯನ್ನು ಪಶ್ಚಿಮಕ್ಕೆ ಸರಿಸಿದರು. ಆದರೂ ಪಟ್ಟಿಯು ಜನರಿಗೆ ತಿರಿಗಿ ಬರಲಿಲ್ಲ. ಕಂಪೆನಿಯು ಅದನ್ನು ತನ್ನಲ್ಲಿಯೇ ಇಟ್ಟುಕೊಂಡು ಬಿಳಿಯ ಒಕ್ಕಲಿಗರಿಗೆ ಮಾರಿತು. ಟೂಲಿ ಬ್ಲಾಕ್ ಎಂಬ ಹೆಸರಿನಿಂದ ಅದು ಇಂದಿಗೂ ಹೆಚ್ಚಾಗಿ ಖಾಸಗಿಯವರ ಸೊತ್ತಾಗಿದೆ. ಒಂದು ಕೆಲಸದ ಹೆಸರಿನಲ್ಲಿ ತೆಗೆದುಕೊಂಡ ಭೂಮಿಯು ಆ ಕೆಲಸಕ್ಕೆ ಬೇಡವಾದರೆ ಯಾರಿಗೆ ಸೇರತಕ್ಕದ್ದೆಂಬ ಮಾತನ್ನು ಒಪ್ಪಂದದಲ್ಲಿಯೇ ಬರೆಯಿಸಿಕೊಳ್ಳದಿದ್ದರೆ ಹೀಗಾಗುತ್ತದೆ.

ಈ ಪಟ್ಟಿಯ ಸಂಗಡ ಖಾಮನ ಜೀವಿತದ ದುಃಖಕರವಾದ ಸಂಗತಿಯೊಂದು ಸೇರಿದೆ. ಅದನ್ನು ಮುಚ್ಚಿಡುವದು ಸತ್ಯವನ್ನು ಪ್ರೀತಿಸುವವರಿಗೆ ತಕ್ಕದ್ದಲ್ಲ. ಆ ಭೂಮಿಯು ಜನರಿಲ್ಲದ ಬೀಳಾಗಿರಲಿಲ್ಲ. ಬಾಬಿರ್ವ ಎಂಬ ಸಣ್ಣ ಕುಲದವರು ಅಲ್ಲಿ ವಾಸವಾಗಿದ್ದರು. ಒಪ್ಪಂದ ಮಾಡುವಾಗ ಅವರನ್ನು ಕೇಳಿದವರಿಲ್ಲ. ಕಂಪೆನಿಯು ನೆಲವನ್ನು ಬಿಡಿಸಿಕೊಡಬೇಕೆಂದಾಗ, 1920ರಲ್ಲಿ ಖಾಮನು ತನ್ನ ಆಳುಗಳನ್ನು ಕಳುಹಿಸಿ ಮಲೆಮ ಎಂಬ ನಾಯಕನ ಜನರನ್ನು ಅಲ್ಲಿಂದ ಬಲವಂತವಾಗಿ ಎಬ್ಬಿಸಿದನು. ಅವರ ಗುಡಿಸಲುಗಳಿಗೆ ಬೆಂಕಿ ಬಿದ್ದಿತು. ಮಲೆಮನು ವಕೀಲನನ್ನು ಹಿಡಿದು ದೂರಿಟ್ಟನು. ಇಪ್ಪತ್ತೈದು ವರ್ಷಗಳ ಹಿಂದೆ ಲಂಡನಿನಲ್ಲಿ ಖಾಮನು ಮಾಡಿದ ವಾದವನ್ನು ಈಗ ಮಲೆಮನು ಖಾಮನ ಮೇಲೆಯೇ ಮಾಡಬೇಕಾಯಿತು. ಕಲಹಾರಿಯ ಬಸಾರ್ವ ಎಂಬ ಬೇಟೆಗಾರ ಜನರೂ ಖಾಮನ ನಾಡಿನಲ್ಲಿ ದೊಡ್ಡವರ ಮನೆಗಳ ಆಳುಗಳಾಗಿಯೇ ಇದ್ದರು. ದೊಡ್ಡವರಿಂದ ತನ್ನ ಭೂಮಿಯನ್ನು ಕಾದವನಿಗೆ ತನಗಿಂತ ಚಿಕ್ಕವರ ಭೂಮಿಯು ಅಷ್ಟೇ ತೆರನಾಗಿ ಕಾಣಿಸಲಿಲ್ಲ. ಮನೆಯಲ್ಲಿಯೂ ಕಠಿಣ ಸ್ವಭಾವವಿತ್ತು; ಸ್ವಂತ ಮಗನಾದ ಸೆಕ್ಗೋಮನೊಂದಿಗೆ ಅನೇಕ ವರ್ಷ ವೈಮನಸ್ಸಿದ್ದು, 1916ರಲ್ಲಿ ಮಾತ್ರ ಸಮಾಧಾನವಾಯಿತು.

1923ನೇ ಫೆಬ್ರುವರಿ 21ರಂದು ಖಾಮನು ಸೆರೋವೆ ಎಂಬ ತನ್ನ ಕಡೆಯ ರಾಜಧಾನಿಯಲ್ಲಿ ತೀರಿಕೊಂಡನು. ಆಗ ಆತನಿಗೆ ಎಂಭತ್ತೈದು ದಾಟಿತ್ತು. ಅಲ್ಲಿಯ ಬೆಟ್ಟದ ಮೇಲೆ ಆತನ ಸಮಾಧಿ ಇದೆ. ಅದರ ಮೇಲೆ ಆ ಕುಲದ ಲಾಂಛನವಾದ ಚಿಕ್ಕ ಜಿಂಕೆಯ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದ್ದಾರೆ.

ಆತನು ಬಿತ್ತಿದ್ದು ಆತನೊಂದಿಗೆ ಸಾಯಲಿಲ್ಲ. ತಂದೆಯು ಕೊಟ್ಟಿದ್ದ ಗಣಿಯ ಹಕ್ಕು ಜನರಿಗೆ ಕೇಡು ತರುವದೆಂದು ಹೆದರಿ, ಆತನ ಇನ್ನೊಬ್ಬ ಮಗನಾದ ಟ್ಶೆಕೆಡಿಯು 1930ರಲ್ಲಿ ತಾನೂ ಲಂಡನಿಗೆ ಹೋಗಿ ವಾದಿಸಿದನು. 1966ನೇ ಸೆಪ್ಟೆಂಬರ್ 30ರಂದು ಬೋಟ್ಸ್ವಾನವು ಸ್ವತಂತ್ರವಾಯಿತು. ಖಾಮನ ಮೊಮ್ಮಗನಾದ ಸೆರೆಟ್ಸೆಯವರು ಅದರ ಮೊದಲನೆಯ ಅಧ್ಯಕ್ಷರಾದರು. 1967ರಲ್ಲಿ ಬಾಂಗ್ವಾಟೋ ಸೀಮೆಯ ಒರಾಪ ಎಂಬಲ್ಲಿ ವಜ್ರಗಳು ಸಿಕ್ಕಿದವು. ಗಣಿಯ ಹಕ್ಕನ್ನು ಒಂದೇ ಕುಲಕ್ಕೆ ಬಿಡದೆ ಇಡೀ ದೇಶಕ್ಕೆ ಸೇರುವಂತೆ ಕಾನೂನು ಮಾಡಿದ್ದರಿಂದ, ಅದರ ಆದಾಯದಲ್ಲಿ ದೇಶವೆಲ್ಲಾ ಪಾಲು ಕಂಡಿತು. ಸಾಗುವಳಿಯ ಮತ್ತು ಮೇವಿನ ಭೂಮಿಯ ಹೆಚ್ಚಿನ ಪಾಲು ಇಂದಿಗೂ ಅಲ್ಲಿ ಸಮುದಾಯದ ಭೂಮಿಯಾಗಿಯೇ ಉಳಿದಿದೆ. ಈಗ ಅದನ್ನು ಹಂಚುವವರು ಅರಸರಲ್ಲ, ಭೂಮಂಡಲಿಗಳು. 2005ರಲ್ಲಿ ರಾಜಧಾನಿಯಾದ ಗಾಬೊರೋನಿನಲ್ಲಿ ಆ ಮೂವರು ಅರಸರ ಪ್ರತಿಮೆಗಳನ್ನು ನಿಲ್ಲಿಸಿದರು.

ಆದರೆ ಹಳೆಯ ತಪ್ಪು ಸಹ ಸಾಯಲಿಲ್ಲ. ಸ್ವತಂತ್ರವಾದ ಅದೇ ದೇಶದ ಸರಕಾರವು 1997ರಲ್ಲಿಯೂ 2002ರಲ್ಲಿಯೂ ಬಸಾರ್ವ ಜನರನ್ನು ಮಧ್ಯ ಕಲಹಾರಿಯ ಕಾಡಿನಿಂದ ಹೊರಗೆ ಸಾಗಿಸಿತು. ಅವರಿಗೆ ಶಾಲೆಯೂ ಆಸ್ಪತ್ರೆಯೂ ದೊರೆಯಬೇಕು, ಕಾಡುಮೃಗಗಳೂ ಉಳಿಯಬೇಕು ಎಂಬುದು ಸರಕಾರದ ಮಾತಾಗಿತ್ತು. ಬಸಾರ್ವರು ಬಿಲ್ಲು ಹಿಡಿಯಲಿಲ್ಲ, ನ್ಯಾಯಸ್ಥಾನಕ್ಕೆ ಹೋದರು. 2006ನೇ ಡಿಸೆಂಬರಿನಲ್ಲಿ ಆ ದೇಶದ ಉಚ್ಚ ನ್ಯಾಯಾಲಯವು ಅವರಿಂದ ಭೂಮಿಯನ್ನು ಬಿಡಿಸಿದ್ದು ಅನ್ಯಾಯವೆಂದು ತೀರ್ಪು ಕೊಟ್ಟಿತು. ಖಾಮನು ಹಿಡಿದ ದಾರಿಯನ್ನೇ ಖಾಮನ ಕಾಲದ ಆಳುಗಳ ಮಕ್ಕಳು ಹಿಡಿದು ಗೆದ್ದರು.

ಪ್ರಿಯ ಸಹೋದರ ಸಹೋದರಿಯರೇ, ನಾವು ಈ ಚರಿತ್ರೆಯಿಂದ ಏನು ಕಲಿಯೋಣ? ಭೂಮಿಯು ಒಬ್ಬನ ಕೈಯಲ್ಲಿದ್ದರೂ ಅದು ಹಿಂದಿನವರಿಂದ ಬಂದು ಮುಂದಿನವರಿಗೆ ಹೋಗತಕ್ಕ ಠೇವಣಿಯೆಂದು ಕಲಿಯೋಣ. ಊರಿನ ಗೋಮಾಳವನ್ನಾಗಲಿ ಕೆರೆಯ ಅಂಗಳವನ್ನಾಗಲಿ ಯಾರಾದರೂ ದೊಡ್ಡ ಕೆಲಸದ ಹೆಸರಿನಲ್ಲಿ ಕೇಳಿದರೆ, ಕೆಲಸ ಒಳ್ಳೆಯದೋ ಕೆಟ್ಟದ್ದೋ ಎಂದು ಮಾತ್ರವಲ್ಲ, ಅದು ಮುಗಿದ ಮೇಲೆ ನೆಲವು ಯಾರದಾಗುವದೆಂದು ಸಹ ಕೇಳೋಣ. ನೆರೆಯ ಊರಿನವರೊಂದಿಗೆ ಹಳೆಯ ಜಗಳವಿದ್ದರೂ ಇಂಥ ವೇಳೆಯಲ್ಲಿ ಒಂದಾಗಿ ಹೋಗೋಣ. ಒಂದು ಬಾಗಿಲು ಮುಚ್ಚಿದರೆ ಸತ್ಯವನ್ನು ಇನ್ನೊಂದು ಬಾಗಿಲಲ್ಲಿ ಹೇಳೋಣ. ಇವೆಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಹೊಲದ ಬದುವನ್ನು ಕಾಯುವಾಗ ನಮ್ಮ ಬದುವಿನ ಆಚೆ ಮಲೆಮನಂಥವನು ಯಾವನಾದರೂ ಇದ್ದಾನೋ ಎಂದು ನೋಡೋಣ. ಆತನನ್ನು ಕೇಳದೆ ಮಾಡಿದ ಒಪ್ಪಂದವು ನಮ್ಮನ್ನು ಉಳಿಸಿದರೂ ನಮಗೆ ಆಶೀರ್ವಾದವಾಗಲಾರದು.

ನಾಬೋತನ ಸ್ಥಾನದಲ್ಲಿ ನಿಂತವನು ಮುದಿಪ್ರಾಯದಲ್ಲಿ ಅಹಾಬನ ಸ್ಥಾನಕ್ಕೆ ಜಾರಬಹುದೆಂಬುದನ್ನು ಖಾಮನ ಜೀವಿತವು ನಮಗೆ ತೋರಿಸುತ್ತದೆ. ಭೂಮಿಯನ್ನೂ ಅದರಲ್ಲಿರುವ ಸಮಸ್ತವನ್ನೂ ಉಂಟುಮಾಡಿದ ಕರ್ತನು, ಕಾಯುವ ಧೈರ್ಯವನ್ನೂ ನೆರೆಯವನನ್ನು ಕಾಣುವ ಕಣ್ಣನ್ನೂ ನಮ್ಮ ಸಭೆಗಳಿಗೆ ಅನುಗ್ರಹಿಸಲಿ.